ಕೋಡಿಂಗ್ ಕಲಿಯೋಕೆ ಚಿಕ್ಕಂದಿನಲ್ಲಿ ಏನು ಸಿಗಬೇಕು?

ಪುಣೆಯ ನಮ್ಮ ಕನ್ನಡದ ಮಂದಿ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಮಗನನ್ನ ಆರನೇ ಕ್ಲಾಸಿಗೇ ಕೋಡಿಂಗ್ ಕ್ಲಾಸಿಗೆ ಹಾಕಬೇಕಾ? ಈಗಾಗಲೇ ತಡ ಆಯ್ತಾ?" ಹಿಂಜವಡಿಯಲ್ಲಿ ಹತ್ತು ವರ್ಷದಿಂದ ಕೋಡ್ ಬರೀತಿದ್ದೇನೆ, ಹೊಸಬರ ಇಂಟರ್‌ವ್ಯೂ ಕೂಡ ಮಾಡ್ತೇನೆ. ವಯಸ್ಸಿಗಿಂತ ಮೂರು ವಿಷಯ ದೊಡ್ಡದು ಅಂತ ನನಗನಿಸಿದೆ: ಕೈಗೆ ಸಿಗುವ ಒಂದು ಕಂಪ್ಯೂಟರ್, ಅದರ ಜೊತೆ ಕೂರಲು ಬಿಡುವು, ಕೆಡಿಸಿದರೆ ಬೈಯದ ಹಿರಿಯರು.

1968ರಲ್ಲಿ ಅಮೆರಿಕದ ಸಿಯಾಟಲ್‌ನ ಲೇಕ್‌ಸೈಡ್ ಶಾಲೆಗೆ ಟೆಲಿಟೈಪ್ ಟರ್ಮಿನಲ್ ಬಂತು. ಅದಕ್ಕೆ ದುಡ್ಡು ಹೊಂದಿಸಿದ್ದು ಅಲ್ಲಿನ ತಾಯಂದಿರ ಸಂಘ, ಹಳೆ ಸಾಮಾನು ಮಾರಿ. ಅದರ ಮುಂದೆ ಕೂತವರಲ್ಲಿ ಎಂಟನೇ ಕ್ಲಾಸಿನ ಬಿಲ್ ಗೇಟ್ಸ್ ಒಬ್ಬ.

ಇನ್ನು ನಮ್ಮ ನಾರಾಯಣ ಮೂರ್ತಿಯವರು. 1967ರಲ್ಲಿ ಮೈಸೂರಿನ ಎನ್‌ಐಇಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದವರು. ಅವರ ಬಾಲ್ಯದಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಕಾನ್ಪುರ ಐಐಟಿಯಲ್ಲಿ ಎಂಟೆಕ್ ಮಾಡಿ, ಅಹಮದಾಬಾದ್ ಐಐಎಂನಲ್ಲಿ ಚೀಫ್ ಸಿಸ್ಟಮ್ಸ್ ಪ್ರೋಗ್ರಾಮರ್ ಆದಾಗ ಟೈಮ್-ಶೇರಿಂಗ್ ಕಂಪ್ಯೂಟರ್ ಮೇಲೆ ಕೆಲಸ ಸಿಕ್ಕಿತು. 1981ರಲ್ಲಿ ಇದೇ ಪುಣೆಯಲ್ಲಿ ಇನ್ಫೋಸಿಸ್ ಶುರುವಾಯ್ತು.

ಒಬ್ಬರು ಬಾಲಕ, ಇನ್ನೊಬ್ಬರು ಇಪ್ಪತ್ತು ದಾಟಿದವರು. ಸಿಕ್ಕಿದ್ದು ಮಾತ್ರ ಒಂದೇ ಬಗೆಯ ಯಂತ್ರ. ಆಗೆಲ್ಲ ಸಾಮಾನ್ಯವಾಗಿ ಪ್ರೋಗ್ರಾಂ ಅನ್ನು ಕಾರ್ಡುಗಳಲ್ಲಿ ತೂತು ಹಾಕಿ ಕೊಟ್ಟು, ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಕೂಡಲೇ ತಪ್ಪು ಕಾಣುತ್ತೆ. ಒಂದು ಸಂಜೆಗೆ ಇಪ್ಪತ್ತು ಸಲ ತಪ್ಪಿ, ಇಪ್ಪತ್ತು ಸಲ ತಿದ್ದಬಹುದು. ಕೈ ಪಳಗೋದು ಹೀಗೇ.

ನಾನು ಓದಿದ ಕಾಲೇಜಿನ ಲ್ಯಾಬ್‌ನಲ್ಲಿ ಮೂವರಿಗೊಂದು ಕಂಪ್ಯೂಟರ್. ಒಬ್ಬ ಟೈಪ್ ಮಾಡ್ತಿದ್ದ, ಇಬ್ಬರು ನೋಡ್ತಿದ್ದರು. ಟೈಪ್ ಮಾಡುವವನು ಮನೇಲೂ ಕಂಪ್ಯೂಟರ್ ಇದ್ದವನೇ ಆಗಿರ್ತಿದ್ದ. ಹುಡುಗಿಯರ ಸರದಿ ಬರುವಷ್ಟರಲ್ಲಿ ಲ್ಯಾಬ್ ಮುಗೀತಿತ್ತು. ಇದರ ಫಲ ಇಂಟರ್‌ವ್ಯೂನಲ್ಲಿ ಇವತ್ತಿಗೂ ಕಾಣ್ತೇನೆ. ಸಣ್ಣ ಊರಿಂದ ಬಂದ ಹುಡುಗಿ ಲೆಕ್ಕ ಸರಿಯಾಗಿ ಬಿಡಿಸ್ತಾಳೆ, ಆದರೆ ತೆರೆ ಮೇಲೆ ಎರರ್ ಬಂತು ಅಂದ್ರೆ ಗಾಬರಿ. ಎರರ್ ಮುಂದೆ ಒಬ್ಬಳೇ ಕೂರುವ ಅವಕಾಶ ಯಾರೂ ಕೊಟ್ಟಿರೋದಿಲ್ಲ. ಮೂರು ತಿಂಗಳು ಸ್ವಂತ ಲ್ಯಾಪ್‌ಟಾಪ್ ಸಿಕ್ಕರೆ ಆ ಗಾಬರಿ ಹೋಗೋದನ್ನೂ ನೋಡಿದ್ದೇನೆ.

ಆದ್ದರಿಂದ ಕ್ಲಾಸಿಗೆ ಫೀಸ್ ಕಟ್ಟುವ ಮೊದಲು ಒಂದು ಹಳೆ ಲ್ಯಾಪ್‌ಟಾಪ್ ಕೊಡಿಸಿ. ಲಿನಕ್ಸ್, ಪೈಥಾನ್ ಎರಡೂ ಪುಕ್ಕಟೆ. ಮಗಳಿಗೂ ಮಗನಷ್ಟೇ ಹೊತ್ತು ಬಿಟ್ಟುಕೊಡಿ. ಕೆಟ್ಟರೆ ಮತ್ತೆ ಇನ್‌ಸ್ಟಾಲ್ ಮಾಡಿದರಾಯ್ತು. ವಾರಕ್ಕೊಮ್ಮೆ "ಏನು ಮಾಡಿದೆ, ತೋರಿಸು" ಅನ್ನಿ. ನಿಮಗೆ ಅರ್ಥ ಆಗದಿದ್ದರೂ ಪರವಾಗಿಲ್ಲ, ವಿವರಿಸ್ತಾ ವಿವರಿಸ್ತಾ ಅವರೇ ತಪ್ಪು ಹಿಡೀತಾರೆ.