ಚೆಂಡಿನ ಹಿಂದೆ ಹೊರಟ ಭೂಗೋಳ



ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದ ಗಲ್ಲಿಗಳಲ್ಲಿ, ಹುಮನಾಬಾದಿನ ಬಯಲುಗಳಲ್ಲಿ ಮಕ್ಕಳು ಹೆಚ್ಚಾಗಿ ಆಡುವುದು ಕ್ರಿಕೆಟ್. ಆದರೂ ಸಂತೆಯಲ್ಲಿ ಕೊಂಡ ಅಂಗಿಯ ಬೆನ್ನ ಮೇಲೆ ಫುಟ್‌ಬಾಲ್ ಆಟಗಾರ ಮೆಸ್ಸಿಯ ಹೆಸರು, 10ರ ಅಂಕಿ ಕಾಣುವುದುಂಟು. ಆ ಅಂಗಿ ತೊಟ್ಟ ನಾಲ್ಕನೇ ಇಯತ್ತೆಯ ಹುಡುಗನನ್ನು 'ಮೆಸ್ಸಿ ಯಾವ ಊರವನಪ್ಪಾ?' ಎಂದು ಕೇಳಿದರೆ ಸಾಕು, ಭೂಗೋಳದ ಪಾಠ ಶುರುವಾಯಿತು.

2023ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ಆಡಿದ್ದು 10 ದೇಶಗಳು. ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾಕ್ಕೆ 211 ಸದಸ್ಯರಿದ್ದಾರೆ. ವಿಶ್ವಸಂಸ್ಥೆಯಲ್ಲೇ ಇರುವುದು 193. 'ಅದ್ಹೇಗೆ ಸರ್, ಇದು ಹೆಚ್ಚಾಯಿತು?' ಎಂದು ಒಂದು ಮಗು ಕೇಳಲಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಒಂದೇ ರಾಷ್ಟ್ರದೊಳಗಿದ್ದೂ ಬೇರೆ ಬೇರೆ ತಂಡ ಕಟ್ಟುತ್ತವೆ ಎಂದು ಹೇಳುವ ಅವಕಾಶ ಆಗ ತಾನಾಗಿ ಒದಗುತ್ತದೆ. ಬಾವುಟ, ರಾಜಧಾನಿ, ನಾಣ್ಯ ಎಂದು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಪರೀಕ್ಷೆ ಮುಗಿದ ಮರುದಿನ ಅವು ಮರೆತುಹೋಗುತ್ತವೆ. ಮಗು ತಾನೇ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ಮರೆಯುವುದಿಲ್ಲ.

2022ರ ಡಿಸೆಂಬರ್ 18ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ಪಂದ್ಯವನ್ನೇ ತೆಗೆದುಕೊಳ್ಳಿ. ಅರ್ಜೆಂಟೀನಾ ಮತ್ತು ಫ್ರಾನ್ಸ್ ಕತಾರಿನಲ್ಲಿ ಆಡಿದವು. ನಮ್ಮಲ್ಲಿ ಆಟ ಶುರುವಾದದ್ದು ರಾತ್ರಿ 8.30ಕ್ಕೆ. ಆಗ ಕತಾರಿನಲ್ಲಿ ಸಂಜೆ 6, ಪ್ಯಾರಿಸ್ಸಿನಲ್ಲಿ ಮಧ್ಯಾಹ್ನ 4, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನಡುಹಗಲು 12 ಗಂಟೆ. ಒಂದು ಚೆಂಡು, ಒಂದು ಬ್ಯಾಟರಿ ಇದ್ದರೆ ಭೂಮಿ ತಿರುಗುವುದನ್ನು ತರಗತಿಯಲ್ಲೇ ತೋರಿಸಬಹುದು. ಇನ್ನೂ ಸ್ವಾರಸ್ಯದ ಸಂಗತಿಯಿದೆ. ನಮ್ಮ ಹೊಲಗಳಲ್ಲಿ ಹಿಂಗಾರಿ ಜೋಳ ನಿಂತಿರುವ ಆ ಚಳಿಯ ದಿನಗಳಲ್ಲಿ ಗೆದ್ದ ಅರ್ಜೆಂಟೀನಾದ ಜನ ಅಂಗಿ ಬಿಚ್ಚಿ ಬೀದಿಯಲ್ಲಿ ಕುಣಿದರು. ಅವರಿಗೆ ಡಿಸೆಂಬರ್ ಬೇಸಿಗೆ. ಇಷ್ಟಕ್ಕೂ ಜೂನ್–ಜುಲೈನಲ್ಲಿ ನಡೆಯುತ್ತಿದ್ದ ವಿಶ್ವಕಪ್ ಆ ವರ್ಷ ಚಳಿಗಾಲಕ್ಕೆ ಸರಿದದ್ದೇ ಕೊಲ್ಲಿ ನಾಡಿನ ಬಿಸಿಲಿಗೆ ಹೆದರಿ.

ಮುಂದಿನ ಪಾಠ ಮನುಷ್ಯರದು. ಇದು ನಮ್ಮ ಗಡಿ ತಾಲ್ಲೂಕುಗಳಿಗೆ ಹೇಳಿಮಾಡಿಸಿದ್ದು. ಅದೇ ವಿಶ್ವಕಪ್‌ನಲ್ಲಿ ಇನ್ಯಾಕಿ ವಿಲಿಯಮ್ಸ್ ಘಾನಾ ತಂಡಕ್ಕೆ ಆಡಿದ, ಅವನ ಒಡಹುಟ್ಟಿದ ತಮ್ಮ ನಿಕೊ ಸ್ಪೇನ್ ತಂಡಕ್ಕೆ ಆಡಿದ. ಅವರ ಅಪ್ಪ ಅವ್ವ ಘಾನಾದಿಂದ ಸಹಾರಾ ಮರುಭೂಮಿ ದಾಟಿ ಸ್ಪೇನ್ ಸೇರಿದವರು. ಆಫ್ರಿಕಾದಿಂದ ಮೊದಲ ಬಾರಿಗೆ ಸೆಮಿಫೈನಲ್ ತಲುಪಿದ ಮೊರಾಕೊ ತಂಡದ 26 ಆಟಗಾರರಲ್ಲಿ 14 ಮಂದಿ ಹುಟ್ಟಿದ್ದು ಮೊರಾಕೊದ ಹೊರಗೆ. ಇದು ನಮ್ಮ ಮಕ್ಕಳಿಗೆ ವಿಚಿತ್ರವೆನಿಸಲಾರದು. ಅಜ್ಜಿಯ ಮನೆ ಮಹಾರಾಷ್ಟ್ರದ ಉಮರ್ಗಾದಲ್ಲಿ, ಸೋದರಮಾವ ತೆಲಂಗಾಣದ ಜಹೀರಾಬಾದಿನಲ್ಲಿ ಇರುವ ಮಕ್ಕಳು ಇಲ್ಲಿದ್ದಾರೆ. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಓಣಿಯಲ್ಲಿ ಕಿವಿಗೆ ಬೀಳುತ್ತವೆ. ಕಾಶ್ಮೀರದ ಕವಿ ಬಿಲ್ಹಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಹುಡುಕಿಕೊಂಡು ಬಂದದ್ದು ಇದೇ ಕಲ್ಯಾಣಕ್ಕೆ. ಶರಣ ಮೋಳಿಗೆಯ ಮಾರಯ್ಯನೂ ಕಾಶ್ಮೀರದಿಂದ ಬಂದವನೆಂದು ಪರಂಪರೆ ಹೇಳುತ್ತದೆ. ದೂರದಿಂದ ಬಂದವರನ್ನು ತನ್ನವರೆಂದ ಊರಿನಲ್ಲಿ ಈ ಪಾಠಕ್ಕೆ ಬೇರೆ ಪೀಠಿಕೆ ಬೇಕಿಲ್ಲ.

ಗಡಿಗಳು ಬದಲಾಗುತ್ತವೆ ಎಂಬುದನ್ನೂ ಆಟದಿಂದಲೇ ಕಲಿಸಬಹುದು. ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಬೀದರ್ 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿತು. ಅದರ ಮರುತಿಂಗಳೇ ಮೆಲ್ಬರ್ನ್ ಒಲಿಂಪಿಕ್ಸ್‌ನ ಫುಟ್‌ಬಾಲಿನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಯಿತು. ನೆವಿಲ್ ಡಿಸೋಜ ಒಬ್ಬರೇ 3 ಗೋಲು ಹೊಡೆದರು. ತಂಡವನ್ನು ತಯಾರು ಮಾಡಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರು ಶಾಲೆಯ ಮಾಸ್ತರಾಗಿದ್ದವರು ಎಂಬುದನ್ನು ನಮ್ಮ ಶಿಕ್ಷಕರು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಸೆಮಿಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ್ದು ಯುಗೊಸ್ಲಾವಿಯ. ಇಂದಿನ ಭೂಪಟದಲ್ಲಿ ಆ ದೇಶವಿಲ್ಲ. ಅದು ಒಡೆದು ಆದ ದೇಶಗಳಲ್ಲೊಂದು ಕ್ರೊಯೇಷಿಯಾ, 2022ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದದ್ದು. ಹಳೆಯ ಭೂಪಟ, ಹೊಸ ಭೂಪಟ ಪಕ್ಕಪಕ್ಕದಲ್ಲಿಟ್ಟು ಬೀದರನ್ನೂ ಯುಗೊಸ್ಲಾವಿಯವನ್ನೂ ಹುಡುಕಲು ಹೇಳಿ.

ಗಣಿತವೂ ಇಲ್ಲೇ ಇದೆ. 2011ರ ಗಣತಿಯಂತೆ ಬೀದರ್ ಜಿಲ್ಲೆಯ ಜನ 17 ಲಕ್ಷ. 2018ರ ವಿಶ್ವಕಪ್ ಆಡಿದ ಐಸ್‌ಲ್ಯಾಂಡಿನ ಜನ ಸುಮಾರು ಮೂರೂವರೆ ಲಕ್ಷ. ಭಾಗಿಸುವ ಕೆಲಸ ಮಕ್ಕಳಿಗಿರಲಿ.

ಇದಕ್ಕೆಲ್ಲ ದೊಡ್ಡ ಪರದೆ, ಇಂಟರ್ನೆಟ್ ಬೇಕೆಂದು ಕಾಯಬೇಡಿ. ಗೋಡೆಗೊಂದು ಭೂಪಟ, ದಿನಪತ್ರಿಕೆಯ ಕ್ರೀಡಾಪುಟ, ಬಣ್ಣದ ದಾರ ಸಾಕು. ಒಂದೊಂದು ಗುಂಪು ಒಂದೊಂದು ದೇಶವನ್ನು ವರ್ಷವಿಡೀ ನೋಡಿಕೊಳ್ಳಲಿ: ಅಲ್ಲಿ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ಮಳೆ ಯಾವಾಗ, ಶಾಲೆ ಎಷ್ಟು ಹೊತ್ತಿಗೆ. ಬಲಿಷ್ಠ ತಂಡಗಳನ್ನಷ್ಟೇ ಹಂಚಬೇಡಿ, ಸೆನೆಗಲ್ ಸಿಕ್ಕ ಗುಂಪಿಗೂ ಬ್ರೆಜಿಲ್ ಸಿಕ್ಕಷ್ಟೇ ಖುಷಿಯಾಗುವಂತೆ ನೋಡಿಕೊಳ್ಳುವುದು ಕಲಿಸುವವರ ಹೊಣೆ.

ಹುಡುಗಿಯರನ್ನು ಮೈದಾನದ ಅಂಚಿಗೆ ಕೂರಿಸಬೇಡಿ. 2027ರ ಮಹಿಳಾ ವಿಶ್ವಕಪ್ ಬ್ರೆಜಿಲ್‌ನಲ್ಲಿ ನಡೆಯಬೇಕಿರುವುದು ಜೂನ್ 24ರಿಂದ ಜುಲೈ 25ರವರೆಗೆ, ನಮ್ಮ ಶಾಲೆಗಳು ತೆರೆದಿರುವ ಕಾಲದಲ್ಲಿ. ಬಸವಕಲ್ಯಾಣ, ಹುಮನಾಬಾದಿನ ಮಾಸ್ತರರೆ, ಅಕ್ಕೋರೆ, ಅಷ್ಟರೊಳಗೆ ನಿಮ್ಮ ತರಗತಿಯ ಗೋಡೆಗೆ ಒಂದು ಜಗತ್ತಿನ ಭೂಪಟ ಹಚ್ಚಿ, ಮಕ್ಕಳ ಕೈ ಎಟುಕುವಷ್ಟು ಕೆಳಗೆ.