ನಡುವಿನ ಠಾಣೆಯ ಕೀಲಿಕೈ



ಇಚಲಕರಂಜಿಯ ಮಗ್ಗದ ಮಾಲಕರು ನೂಲಿನ ಹಣವನ್ನು ಫೋನಿನಿಂದಲೇ ಕಳಿಸುತ್ತಾರೆ. ಗಡಹಿಂಗ್ಲಜದ ರೈತನ ಕಬ್ಬಿನ ಬಿಲ್ಲು ನೇರವಾಗಿ ಬ್ಯಾಂಕಿಗೆ ಜಮೆಯಾಗುತ್ತದೆ. ಇಂಥ ಸಂದೇಶಗಳು ಗುಪ್ತಲಿಪಿಯಲ್ಲಿ ಹೋಗುತ್ತವೆ. ಆ ಲಿಪಿಯನ್ನು ಬಿಚ್ಚುವ ಗುಟ್ಟಿನ ಅಂಕಿಗಳಿಗೆ ಕೀಲಿಕೈ ಎನ್ನೋಣ. ಇದನ್ನು ಇಬ್ಬರಿಗಷ್ಟೇ ತಿಳಿಯುವಂತೆ ದೂರಕ್ಕೆ ಮುಟ್ಟಿಸುವುದು ಹೇಗೆ?

ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಸಾರ್ ಎಂಬಿಬ್ಬರು ಇದಕ್ಕೊಂದು ಉತ್ತರವನ್ನು ಮಂಡಿಸಿದ್ದು ಎಲ್ಲಿ ಗೊತ್ತೇ? 1984ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ ನಡೆದ ಸಮ್ಮೇಳನದಲ್ಲಿ! ಬೆಳಕಿನ ಒಂದೊಂದು ಕಣದ ಮೇಲೆ ಒಂದೊಂದೇ ಅಂಕಿಯನ್ನು ಹೊರಿಸಿ ಕಳಿಸಬೇಕು. ನಡುವೆ ಯಾರಾದರೂ ಇಣುಕಿದರೆ ಕಣದ ಸ್ಥಿತಿ ಕೆಡುತ್ತದೆ. ಎರಡೂ ತುದಿಯವರು ಕೆಲವು ಅಂಕಿಗಳನ್ನು ತಾಳೆ ನೋಡಿದರೆ ಕಳವು ಗೊತ್ತಾಗುತ್ತದೆ. ಆಗ ಆ ಕೀಲಿಕೈಯನ್ನು ಬಿಸಾಕಿದರಾಯಿತು. ಹಣದ ಸಂದೇಶ ಇನ್ನೂ ಹೊರಟೇ ಇರುವುದಿಲ್ಲ. 2021ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಎರಡು ಕಟ್ಟಡಗಳ ನಡುವೆ ಗಾಳಿಯಲ್ಲೇ ಹೀಗೆ ಕೀಲಿಕೈ ಕಳಿಸಿ ತೋರಿಸಿದರು. ಮರುವರ್ಷ ಪ್ರಯಾಗರಾಜ್ ಮತ್ತು ವಿಂಧ್ಯಾಚಲಗಳ ನಡುವೆ, 100 ಕಿ.ಮೀ.ಗೂ ಮಿಕ್ಕಿದ ಗಾಜಿನ ಎಳೆಯಲ್ಲಿ ಇದು ಆಯಿತು.

ತೊಡಕು ಶುರುವಾಗುವುದು ಜಾಲ ಕಟ್ಟಲು ಹೊರಟಾಗ. ಗಾಜಿನ ಎಳೆಯಲ್ಲಿ 50 ಕಿ.ಮೀ. ದಾಟುವಷ್ಟರಲ್ಲಿ ಹತ್ತು ಕಣಗಳಲ್ಲಿ ಒಂದು ಉಳಿಯುತ್ತದೆ, 100 ಕಿ.ಮೀ.ಗೆ ನೂರರಲ್ಲಿ ಒಂದು, 500 ಕಿ.ಮೀ.ಗೆ ಸಾವಿರ ಕೋಟಿಯಲ್ಲಿ ಒಂದು! ಸಾಮಾನ್ಯ ಫೋನಿನ ಸಂಕೇತವನ್ನು ನಡುನಡುವೆ ಬಲಪಡಿಸಬಹುದು. ಇಲ್ಲಿ ಆಗದು. ಈ ಕಣದ ನಕಲು ತೆಗೆಯಲು ನಿಸರ್ಗ ಬಿಡುವುದಿಲ್ಲ. ಕಳ್ಳನಿಗೆ ಅಡ್ಡಬಂದ ನಿಯಮವೇ ಕಟ್ಟುವವರ ಕೈಯನ್ನೂ ಕಟ್ಟಿಹಾಕಿತು ನೋಡಿ.

ಲೆಕ್ಕಕ್ಕಾಗಿ ನಮ್ಮ ಊರುಗಳನ್ನೇ ಹಿಡಿಯೋಣ. ಕೊಲ್ಹಾಪುರದಿಂದ ಇಚಲಕರಂಜಿಗೆ ಸುಮಾರು 30 ಕಿ.ಮೀ. ಒಂದು ಎಳೆ ಸಾಕು. ಗಡಹಿಂಗ್ಲಜಕ್ಕೆ ದಾರಿ ಇದರ ಇಮ್ಮಡಿ; ಅದಕ್ಕೂ ಒಂದೇ ಎಳೆ ಸಾಕು. ಆದರೆ ಇಚಲಕರಂಜಿಯವರಿಗೂ ಗಡಹಿಂಗ್ಲಜದವರಿಗೂ ತಮ್ಮತಮ್ಮೊಳಗೆ ಕೀಲಿಕೈ ಬೇಕಾದರೆ? ಪ್ರತಿ ಜೋಡಿ ಊರಿಗೂ ಬೇರೆ ಎಳೆ, ಬೇರೆ ಯಂತ್ರ ಎಂದರೆ ದುಬಾರಿ. ಕೊಲ್ಹಾಪುರದ ಠಾಣೆಯ ಮೂಲಕ ಹಾಯಿಸಬೇಕು. ಅಲ್ಲಿ ಮಾತ್ರ ಕೀಲಿಕೈ ಕ್ಷಣಕಾಲ ಬಯಲಾಗುತ್ತದೆ. ದಾರಿಯನ್ನು ನಿಸರ್ಗ ಕಾಯುತ್ತದೆ, ಠಾಣೆಯನ್ನು ಮನುಷ್ಯನೇ ಕಾಯಬೇಕು. ಆ ಕೋಣೆಯ ಬೀಗ ಯಾರ ಬಳಿ? ಬ್ಯಾಂಕಿನವರ ಬಳಿಯೋ, ಫೋನು ಕಂಪನಿಯ ಬಳಿಯೋ, ಸರಕಾರದ ಬಳಿಯೋ? ನನ್ನ ಮಟ್ಟಿಗೆ ನಕ್ಷೆ ಬರೆಯುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಚೀನಾದವರು 2017ರಲ್ಲಿ ತೆರೆದ ಬೀಜಿಂಗ್–ಶಾಂಘೈ ಮಾರ್ಗ ಸುಮಾರು 2,000 ಕಿ.ಮೀ.; ಅದರಲ್ಲಿ ಇಂಥ ಠಾಣೆಗಳು 32.

2023ರ ಏಪ್ರಿಲಿನಲ್ಲಿ ಮಂಜೂರಾದ ನಮ್ಮ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿನ ಗುರಿಗಳಲ್ಲಿ, ಉಪಗ್ರಹದ ಮೂಲಕ 2,000 ಕಿ.ಮೀ. ದೂರಕ್ಕೆ ಕೀಲಿಕೈ ಮುಟ್ಟಿಸುವುದೂ ಒಂದು. ಆದರೆ ಉಪಗ್ರಹವೇ ಒಂದೂರಿನ ಕೀಲಿಕೈಯನ್ನು ಇಟ್ಟುಕೊಂಡು ಇನ್ನೊಂದೂರಿಗೆ ಒಯ್ದರೆ, ಆಕಾಶದಲ್ಲಿದ್ದರೂ ಅದು ನಡುವಿನ ಠಾಣೆಯೇ.