ಹಳೆಯ ಡಬ್ಬಿಯಲ್ಲಿ ಹೊಸ ಸಸಿ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಇಂದು ನಾನು ತಮ್ಮ ಮುಂದೆ ದೊಡ್ಡ ಯೋಜನೆಯ ಮಾತನ್ನೇನೂ ತಂದಿಲ್ಲ. ತಮ್ಮ ಹಿತ್ತಲಿನ ಮೂಲೆಯಲ್ಲಿ ಬಿದ್ದಿರುವ ಹಳೆಯ ಪ್ಲಾಸ್ಟಿಕ್ ಡಬ್ಬಿಗಳ ವಿಷಯ ಹೇಳಲು ಬಂದಿದ್ದೇನೆ. ಮೊಸರಿನ ಡಬ್ಬಿ, ಅಡುಗೆ ಎಣ್ಣೆಯ ಡಬ್ಬಿ, ನೀರಿನ ಬಾಟಲಿ, ಇವು ಇಲ್ಲದ ಮನೆ ಈಗ ಹಳ್ಳಿಯಲ್ಲೂ ಅಪರೂಪ. ಉಪಯೋಗ ಮುಗಿದ ಮೇಲೆ ಇವು ಎಲ್ಲಿಗೆ ಹೋಗುತ್ತವೆ? ತಿಪ್ಪೆಗೆ. ತಿಪ್ಪೆಯಿಂದ ಗೊಬ್ಬರದೊಡನೆ ಹೊಲಕ್ಕೆ. ಮಣ್ಣಿನಲ್ಲಿ ಇವು ಕರಗುವುದೂ ಇಲ್ಲ, ಕೊಳೆಯುವುದೂ ಇಲ್ಲ. ಇವನ್ನೇ ಸಸಿ ಬೆಳೆಸುವ ಕುಂಡಗಳನ್ನಾಗಿ ಮಾಡಿಕೊಳ್ಳಬಹುದು.

ಇದರಿಂದ ಲಾಭವೇನು ಎಂದು ತಾವು ಕೇಳಬಹುದು. ಹೈಬ್ರಿಡ್ ಬೀಜದ ಬೆಲೆ ತಮಗೆ ಗೊತ್ತೇ ಇದೆ. ಅದನ್ನು ನೆಲದ ಮಡಿಯಲ್ಲಿ ಚೆಲ್ಲಿದರೆ ಇರುವೆಗೆ ಒಂದು ಪಾಲು, ಮಳೆಯ ರಭಸಕ್ಕೆ ಒಂದು ಪಾಲು. ಉಳಿದ ಸಸಿಯನ್ನು ಕೀಳುವಾಗ ಬೇರು ಹರಿದು, ನಾಟಿಯಾದ ಮೇಲೆ ನಾಲ್ಕು ದಿನ ಬಾಡಿ ನಿಲ್ಲುತ್ತದೆ. ಡಬ್ಬಿಯಲ್ಲಿ ಬೆಳೆದ ಸಸಿ ಮಣ್ಣಿನ ಹೆಂಟೆಯ ಸಮೇತ ಹೊರಗೆ ಬರುತ್ತದೆ. ಬೇರಿಗೆ ಪೆಟ್ಟಾಗುವುದಿಲ್ಲ.

ಮೊದಲು ನಾನು ಮಾಡಿದ ತಪ್ಪನ್ನು ಹೇಳಿ ಆಮೇಲೆ ಕ್ರಮವನ್ನು ಹೇಳುತ್ತೇನೆ.

ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ತಮ್ಮ ಅತ್ತೆಯ ಕಾಲದ ನಾಟಿ ಮೆಣಸಿನಕಾಯಿ ತಳಿಯನ್ನು ಉಳಿಸಿಕೊಂಡು ಬಂದಿದ್ದರು. ವರ್ಷ ವರ್ಷವೂ ಒಳ್ಳೆಯ ಹಣ್ಣು ಆರಿಸಿ, ಒಣಗಿಸಿ, ಬೀಜವನ್ನು ಬೂದಿಯಲ್ಲಿ ಬೆರೆಸಿ ಇಡುತ್ತಿದ್ದರು. ಅಂಗಡಿಯಲ್ಲಿ ಕೊಳ್ಳುವ ಬೀಜ ಅದಲ್ಲ. ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತೇನೆಂದು ಅದರಲ್ಲಿ ಅರ್ಧವನ್ನು ನಾನು ಕೇಳಿ ಪಡೆದೆ. ಮೊಸರಿನ ಡಬ್ಬಿಗಳ ತಳಕ್ಕೆ ಸೂಜಿಯಿಂದ ಒಂದೊಂದೇ ತೂತು ಚುಚ್ಚಿ, ಹೊಲದ ಜಿಗುಟು ಮಣ್ಣು ತುಂಬಿ, ಬೀಜ ಹಾಕಿ, ಬೆಳಿಗ್ಗೆ ಸಂಜೆ ನೀರೆರೆಯಲು ಹೇಳಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಹತ್ತು ದಿನಕ್ಕೆ ಮೊಳಕೆ ಬಂತು. ಊರವರನ್ನೆಲ್ಲ ಕರೆದು ಹೆಮ್ಮೆಯಿಂದ ತೋರಿಸಿದೆ. ಮರುವಾರ ಹೋಗಿ ನೋಡಿದರೆ ಸಸಿಗಳೆಲ್ಲ ಬುಡದಲ್ಲಿ ಮೆತ್ತಗಾಗಿ ಮಲಗಿದ್ದವು. ಅದು ಸಸಿ ಕೊಳೆ ರೋಗ. ನೀರು ನಿಂತ ಮಣ್ಣಿನಲ್ಲಿ ಬೆಳೆಯುವ ಶಿಲೀಂಧ್ರದಿಂದ ಬರುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಕೈಗೆ ಬಂದಿರಲಿಲ್ಲ.

ಅಜ್ಜಿ ನನ್ನನ್ನು ಬೈಯಲಿಲ್ಲ. “ಅಲ್ಲಪ್ಪಾ, ತುಳಸಿ ಕುಂಡಕ್ಕೂ ತಳದಲ್ಲಿ ದೊಡ್ಡ ತೂತು ಬಿಡ್ತಾರೆ. ನಿನ್ನ ಡಬ್ಬೀಲಿ ನೀರು ಎಲ್ಲಿಗೆ ಹೋಗ್ಬೇಕು?” ಎಂದರು. ಉಳಿದ ಬೀಜದಲ್ಲಿ ಒಂದು ಚಿಟಿಕೆ ಮಾತ್ರ ಕೊಟ್ಟು, ಈ ಸಾರಿ ತಾವೇ ಪಕ್ಕದಲ್ಲಿ ಕುಳಿತರು. ಆ ದಿನ ನಾವಿಬ್ಬರೂ ಸೇರಿ ಮಾಡಿದ ಕ್ರಮವನ್ನೇ ಈಗ ತಮಗೆ ಹೇಳುತ್ತೇನೆ.

ಡಬ್ಬಿಯನ್ನು ಸೋಪು ಹಾಕಿ ಜಿಡ್ಡು ಹೋಗುವಂತೆ ತೊಳೆದು ಒಣಗಿಸಿರಿ. ದಬ್ಬಣದಿಂದ ತಳಕ್ಕೆ 4-5 ತೂತು ಮಾಡಿರಿ. ಒಂದೊಂದು ತೂತಿನಲ್ಲಿ ಬೆಂಕಿಕಡ್ಡಿ ಸಲೀಸಾಗಿ ತೂರಬೇಕು. ಮಣ್ಣು ಸೋರದಂತೆ ಒಳಗೆ ತೆಳ್ಳಗೆ ತೆಂಗಿನ ನಾರು ಹರಡಿರಿ. 2 ಪಾಲು ಕೆಂಪು ಮಣ್ಣು, 1 ಪಾಲು ಮರಳು, 1 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಇವನ್ನು ಜರಡಿ ಹಿಡಿದು ಬೆರೆಸಿ ತುಂಬಿರಿ. ಹಸಿ ಸಗಣಿ ಬೇಡ. ತುಂಬಿದ ಮೇಲೆ ಒಂದು ಲೋಟ ನೀರು ಹಾಕಿ ನೋಡಿರಿ. ಸ್ವಲ್ಪ ಹೊತ್ತಿನಲ್ಲೇ ತಳದಿಂದ ತೊಟ್ಟಿಕ್ಕದಿದ್ದರೆ ಬೀಜ ಹಾಕಬೇಡಿರಿ, ತೂತು ದೊಡ್ಡದು ಮಾಡಿರಿ.

ಡಬ್ಬಿಗೆ ಎರಡು ಬೀಜ ಸಾಕು. ಬೀಜದ ದಪ್ಪಕ್ಕೆ ಎರಡರಷ್ಟು ಮಣ್ಣು ಮುಚ್ಚಿ, ಮೇಲೆ ಹುಲ್ಲು ಹರಡಿರಿ. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಬೇಕು. ನೀರನ್ನು ಬೆಳಿಗ್ಗೆ ಹಾಕಿರಿ; ಅದೂ ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ. ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಹತ್ತು ತೂತು ಮಾಡಿದರೆ ಅದೇ ಪನ್ನೀರುದಾನಿಯಂತೆ ಸಣ್ಣಗೆ ಚಿಮುಕಿಸುತ್ತದೆ. ಸಸಿಗಳು ನಾಲ್ಕೆಲೆಗೆ ಬಂದಾಗ ಬಲವಾದುದನ್ನು ಉಳಿಸಿ ಇನ್ನೊಂದನ್ನು ಕತ್ತರಿಸಿರಿ. ಕಿತ್ತರೆ ಉಳಿದುದರ ಬೇರೂ ಅಲುಗುತ್ತದೆ. ಟೊಮೆಟೊ 25-30 ದಿನಕ್ಕೆ, ಬದನೆ 30-35 ದಿನಕ್ಕೆ, ಮೆಣಸಿನಕಾಯಿ 35-45 ದಿನಕ್ಕೆ ನಾಟಿಗೆ ಬರುತ್ತವೆ. ನಾಟಿಗೆ ಒಂದು ವಾರ ಮುಂಚೆ ನೀರು ಕಡಿಮೆ ಮಾಡಿ, ದಿನದಿನಕ್ಕೆ ಹೆಚ್ಚು ಬಿಸಿಲಿಗೆ ಇಟ್ಟು ಸಸಿಯನ್ನು ಗಟ್ಟಿ ಮಾಡಬೇಕು. ಸೌತೆ, ಕುಂಬಳಗಳಿಗೆ ಬೇರು ಅಲುಗಿದರೆ ಆಗದು. ಎರಡು ಮೂರು ಎಲೆ ಬಂದ ಕೂಡಲೇ ಮಣ್ಣಿನ ಹೆಂಟೆ ಒಡೆಯದಂತೆ ನೆಡಿರಿ. ಮೂಲಂಗಿ, ಗಜ್ಜರಿಗೆ ಈ ಕ್ರಮ ಬೇಡ. ಅವನ್ನು ನೆಲದಲ್ಲೇ ಬಿತ್ತಿರಿ.

ತಾಯಂದಿರಿಗೆ ಒಂದು ಮಾತು. ದೆಹಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಸಸಿ ಮಾಡಬೇಕು. ಹೂವಿಲ್ಲದ ಎಳೆಯ ತುದಿಯನ್ನು 4 ಅಂಗುಲ ಉದ್ದಕ್ಕೆ ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಹೆಚ್ಚಾಗಿರುವ ಮಣ್ಣಿನಲ್ಲಿ ಊರಿರಿ. ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲೆ ಕವುಚಿರಿ. ಒಳಗಿನ ತೇವ ಆರದು. ಗಾಳಿಗಾಗಿ ಹಗಲು ಮುಚ್ಚಳ ತೆಗೆದಿಡಿರಿ. ಇದನ್ನು ನೆರಳಿನಲ್ಲೇ ಇಡಬೇಕು. ಬಿಸಿಲಿಗೆ ಇಟ್ಟರೆ ಒಳಗೆ ಕಡ್ಡಿ ಬೆಂದು ಹೋಗುತ್ತದೆ. ಸುಮಾರು ಒಂದು ತಿಂಗಳಲ್ಲಿ ಬೇರು ಬರುತ್ತದೆ.

ಇನ್ನು ಎಚ್ಚರಿಕೆಯ ಎರಡು ಮಾತು. ಮೊದಲನೆಯದು, ಕೀಟನಾಶಕ ಮತ್ತು ಕಳೆನಾಶಕದ ಡಬ್ಬಿಗಳನ್ನು ಎಷ್ಟು ತೊಳೆದರೂ ಸಸಿಗಾಗಲಿ ಮನೆಗಾಗಲಿ ಬಳಸಕೂಡದು. ಸಿಂಪರಣೆಯ ದಿನವೇ ಮೂರು ಸಾರಿ ತೊಳೆದು, ಆ ನೀರನ್ನು ಸಿಂಪರಣೆ ಯಂತ್ರಕ್ಕೇ ಹಾಕಿ, ಯಾರೂ ಬಳಸದಂತೆ ಡಬ್ಬಿಯನ್ನು ಚುಚ್ಚಿ ಹಾಳು ಮಾಡಿರಿ. ಎರಡನೆಯದು, ಸಸಿಯೊಡನೆ ಹೊಲಕ್ಕೆ ಹೋದ ಡಬ್ಬಿ ಎಣಿಕೆ ತಪ್ಪದೆ ಮನೆಗೆ ಮರಳಬೇಕು. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಹಪ್ಪಳದಂತೆ ಪುಡಿಯಾಗಿ ಮಣ್ಣು ಸೇರುತ್ತದೆ. ಪುಡಿಯಾಗುವ ಮೊದಲೇ ಅದನ್ನು ಪಂಚಾಯಿತಿಯ ಕಸದ ಗಾಡಿಗೋ ಗುಜರಿಯವನಿಗೋ ಕೊಡಿರಿ. ಸುಡಬೇಡಿರಿ, ಆ ಹೊಗೆ ಒಳ್ಳೆಯದಲ್ಲ.

ಅಜ್ಜಿಯ ಮೆಣಸಿನಕಾಯಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಆ ಚಿಟಿಕೆ ಬೀಜದಿಂದ ಅವರ ಹಿತ್ತಲಿನಲ್ಲಿ 18 ಗಿಡ ನಿಂತವು. ಹಣ್ಣಾದಾಗ ಅವರು ಬೀಜ ತೆಗೆದು ನನಗೂ ಒಂದು ಪೊಟ್ಟಣ ಕಟ್ಟಿ ಕೊಟ್ಟರು. “ನಿನ್ನ ಹತ್ರಾನೂ ಇರಲಿ. ನನ್ನ ಮನೇಲಿ ತಪ್ಪಿಹೋದ್ರೆ ನಿನ್ನನ್ನೇ ಕೇಳ್ತೀನಿ” ಎಂದರು. ನಾನು ಅವರ ಅರ್ಧ ಬೀಜ ಕಳೆದವನು. ಆದರೂ ನಂಬಿ ಕೊಟ್ಟರು. ಅಂದಿನಿಂದ ನಾನೂ ವರ್ಷ ವರ್ಷ ಆ ಬೀಜ ಎತ್ತಿಡುತ್ತಿದ್ದೇನೆ.

ಇಂದು ಆ ಪೊಟ್ಟಣವನ್ನು ತಂದಿದ್ದೇನೆ. ಬೇಕೆಂದವರಿಗೆ ಹತ್ತು ಹತ್ತು ಬೀಜ ಕೊಡುತ್ತೇನೆ. ಒಂದೇ ಷರತ್ತು, ಮೊದಲು ಡಬ್ಬಿಯನ್ನು ತಲೆಕೆಳಗು ಮಾಡಿ ತಳದ ತೂತು ನನಗೆ ತೋರಿಸಬೇಕು.